ಮುಂಗಡದ ಹಗ್ಗ ಎಷ್ಟುದ್ದ?

ವಯನಾಡಿನ ಮಾನಂದವಾಡಿಯ ಹತ್ತಿರ, ಹೊಳೆಯ ದಂಡೆಯಲ್ಲಿ, ವಳ್ಳಿಯೂರ್‌ಕಾವು ಭಗವತಿಯ ಗುಡಿಯಿದೆ. ಮಲಯಾಳಿಗಳ ಮೀನ ಮಾಸ ಹುಟ್ಟಿತೆಂದರೆ, ಅಂದರೆ ಮಾರ್ಚ್ ತಿಂಗಳ ನಡುವಿಗೆ, ಅಲ್ಲಿ ಹದಿನಾಲ್ಕು ದಿನದ ಉತ್ಸವ. ಸುತ್ತಲಿನ ಕಾಡು, ಕಾಲೊನಿಗಳಿಂದ ಆದಿವಾಸಿಗಳು ಮಕ್ಕಳುಮರಿ ಸಮೇತ ಬರುತ್ತಾರೆ. ಇಪ್ಪತ್ತನೆಯ ಶತಮಾನದ ಅರ್ಧ ಕಳೆದ ಮೇಲೂ ಈ ಉತ್ಸವದಲ್ಲಿ ಬಳೆ, ಬಟ್ಟೆ, ಮಡಕೆಗಳ ಜೊತೆಗೆ ಇನ್ನೊಂದು ವ್ಯವಹಾರವೂ ಕುದುರುತ್ತಿತ್ತು. ಗದ್ದೆಯ ಒಡೆಯರು ಬಂದು ಪಣಿಯ, ಅಡಿಯ ಸಮುದಾಯದವರ ಕೈಗೆ ಒಂದಿಷ್ಟು ಹಣ ಇಡುತ್ತಿದ್ದರು. ಅದರ ಹೆಸರು ‘ನಿಲ್ಪುಪಣಂ’. ಹಣ ಪಡೆದವನು ಮುಂದಿನ ಒಂದು ವರ್ಷ ಆ ಒಡೆಯನ ಗದ್ದೆ ಬಿಟ್ಟು ಕದಲುವಂತಿಲ್ಲ. ಬೇರೆ ಯಾರೇ ಹೆಚ್ಚು ಭತ್ತ ಕೊಡುತ್ತೇನೆಂದರೂ ಹೋಗುವಂತಿಲ್ಲ. ಮಾತು ನಡೆದದ್ದು ದೇವಿಯ ಎದುರಿಗೆ. ತಪ್ಪಿದರೆ ಅವಳ ಕೋಪಕ್ಕೆ ಗುರಿಯಾಗಬೇಕು.

ಕಾಗದವಿಲ್ಲ, ಸಹಿಯಿಲ್ಲ, ಛಾಪಾ ಪತ್ರವಿಲ್ಲ. ಆದರೂ ಇಂದಿನ ವಕೀಲರು ಆ ವ್ಯವಹಾರದಲ್ಲಿ ತಮಗೆ ಪರಿಚಿತವಾದ ಎಲ್ಲ ಷರತ್ತುಗಳನ್ನೂ ಗುರುತಿಸಬಲ್ಲರು. ಮುಂಗಡ ಇದೆ, ಅವಧಿ ಇದೆ, ಬೇರೆಡೆ ದುಡಿಯಬಾರದೆಂಬ ಕಟ್ಟು ಇದೆ, ತಪ್ಪಿದರೆ ದಂಡವೂ ಇದೆ. ಬೆಂಗಳೂರಿನ ಕಂಪನಿಯೊಂದು ಹೊಸದಾಗಿ ಸೇರಿದ ಹುಡುಗನ ಮುಂದೆ ಇಡುವ ನೇಮಕಾತಿ ಪತ್ರದಲ್ಲಿಯೂ ಇವೇ ಇರುತ್ತವೆ. ಎರಡು ವರ್ಷ ಬಿಡಬಾರದು, ಬಿಟ್ಟರೆ ಇಷ್ಟು ಲಕ್ಷ ಕಟ್ಟಬೇಕು, ಬಿಟ್ಟ ಮೇಲೆ ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು. ಇವುಗಳಲ್ಲಿ ಯಾವುದು ನ್ಯಾಯಾಲಯದಲ್ಲಿ ನಿಲ್ಲುತ್ತದೆ, ಯಾವುದು ಬಿದ್ದುಹೋಗುತ್ತದೆ ಎಂಬ ಲೆಕ್ಕ ನೂರೈವತ್ತು ವರ್ಷಗಳಿಂದ ನಡೆದು ಬಂದಿದೆ. ಆ ಲೆಕ್ಕ ಎಲ್ಲರಿಗೂ ಒಂದೇ ಆಗಿರಲಿಲ್ಲ ಎಂಬುದಕ್ಕೆ ವಯನಾಡಿನಷ್ಟು ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಒಂದು ವಾಕ್ಯದ ಕಾನೂನು

ಕರಾರುಗಳ ವಿಷಯ ನಮ್ಮ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಆದರೂ ಮೂಲ ಕಾಯಿದೆ ದೇಶಕ್ಕೆಲ್ಲ ಒಂದೇ: 1872ರ ಭಾರತೀಯ ಕರಾರು ಕಾಯಿದೆ. ಹಾಗಾಗಿ ಕೊಡಗಿನ ಕುಟ್ಟದಲ್ಲಿ ನಡೆಯದ ಷರತ್ತು ಗಡಿ ದಾಟಿ ವಯನಾಡಿನ ತೋಲ್ಪೆಟ್ಟಿಗೆ ಹೋದರೂ ನಡೆಯುವುದಿಲ್ಲ. ಅಮೆರಿಕದಲ್ಲಾದರೆ ಹೀಗಲ್ಲ. ಅಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ನಿಯಮ. ನೌಕರಿ ಬಿಟ್ಟವರ ಕೈಕಟ್ಟುವ ಷರತ್ತನ್ನು ಮಿನೆಸೋಟಾ ರಾಜ್ಯ 2023ರ ಜುಲೈ 1ರ ನಂತರದ ಕರಾರುಗಳಿಗೆ ಅನ್ವಯವಾಗುವಂತೆ ನಿಷೇಧಿಸಿತು. ಇಡೀ ದೇಶಕ್ಕೆ ಅನ್ವಯಿಸುವ ನಿಷೇಧವನ್ನು ಕೇಂದ್ರದ ವ್ಯಾಪಾರ ಆಯೋಗ 2024ರಲ್ಲಿ ತಂದಾಗ, ಟೆಕ್ಸಾಸಿನ ನ್ಯಾಯಾಲಯ ಅದೇ ವರ್ಷ ಅದನ್ನು ರದ್ದು ಮಾಡಿತು.

ನಮ್ಮ ಕಾಯಿದೆಯ 27ನೆಯ ಕಲಮಿನ ತಿರುಳು ಒಂದೇ ವಾಕ್ಯದಲ್ಲಿದೆ. ಕಾನೂನಿಗೆ ವಿರುದ್ಧವಲ್ಲದ ಯಾವುದೇ ವೃತ್ತಿ, ವ್ಯಾಪಾರ ಅಥವಾ ಉದ್ಯೋಗ ಮಾಡದಂತೆ ಯಾರನ್ನಾದರೂ ತಡೆಯುವ ಒಪ್ಪಂದ ಆ ಮಟ್ಟಿಗೆ ಶೂನ್ಯ. ಕಾಯಿದೆಯೇ ಅದಕ್ಕೆ ಇಟ್ಟಿರುವ ಒಂದು ವಿನಾಯಿತಿ ವ್ಯಾಪಾರದ ಮಾರಾಟಕ್ಕೆ ಸಂಬಂಧಿಸಿದ್ದು. ಪಾಲುದಾರರ ನಡುವಿನ ಕೆಲವು ಕಟ್ಟುಗಳಿಗೆ 1932ರ ಪಾಲುದಾರಿಕೆ ಕಾಯಿದೆ ಅವಕಾಶ ಕೊಟ್ಟಿದೆ.

ಇಂಗ್ಲಿಷರ ಆಳ್ವಿಕೆಯಲ್ಲಿ ಬಂದ ಕಾನೂನು ಇದು, ನಿಜ. ಆದರೆ ಇದು ಇಂಗ್ಲೆಂಡಿನ ಕಾನೂನಲ್ಲ. ಅಲ್ಲಿನ ನ್ಯಾಯಾಧೀಶರು ನಿರ್ಬಂಧ ಸಮಂಜಸವೇ ಎಂದು ನೋಡುತ್ತಾರೆ. ಸ್ವೀಡನ್ನಿನ ನಾರ್ಡನ್‌ಫೆಲ್ಟ್ ಎಂಬ ಶಸ್ತ್ರ ತಯಾರಕ ತನ್ನ ಉದ್ಯಮ ಮಾರಿದಾಗ ಇಪ್ಪತ್ತೈದು ವರ್ಷ ಜಗತ್ತಿನ ಎಲ್ಲಿಯೂ ಬಂದೂಕು ತಯಾರಿಸುವುದಿಲ್ಲ ಎಂದು ಬರೆದುಕೊಟ್ಟಿದ್ದ. ಅವನ ವ್ಯಾಪಾರವೇ ಜಗತ್ತಿನ ಸರ್ಕಾರಗಳ ಜೊತೆಗಿದ್ದುದರಿಂದ ಅದೂ ಸಮಂಜಸವೆಂದು 1894ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿತು. ನಮ್ಮ 27ನೆಯ ಕಲಮು ಈ ಗೊಡವೆಗೇ ಹೋಗುವುದಿಲ್ಲ. ಅದರ ಮೂಲ ಇರುವುದು ಡೇವಿಡ್ ಡಡ್ಲಿ ಫೀಲ್ಡ್ ಎಂಬ ವಕೀಲರ ಮುಂದಾಳತ್ವದಲ್ಲಿ ನ್ಯೂಯಾರ್ಕಿಗೆಂದು ಸಿದ್ಧವಾದ ಕರಡು ಸಂಹಿತೆಯಲ್ಲಿ. ನ್ಯೂಯಾರ್ಕ್ ಆ ಸಂಹಿತೆಯನ್ನು ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾ ಒಪ್ಪಿತು, ಅದೂ 1872ರಲ್ಲಿಯೇ. ಹೀಗೆ ಸಿಲಿಕಾನ್ ಕಣಿವೆಯ ಕನ್ನಡಿಗ ಎಂಜಿನಿಯರನಿಗೂ ಬೆಂಗಳೂರಿನಲ್ಲಿರುವ ಅವನ ತಮ್ಮನಿಗೂ ಕೆಲಸ ಬದಲಿಸುವ ವಿಷಯದಲ್ಲಿ ಒಂದೇ ಬೇರಿನ ಕಾನೂನು ಸಿಕ್ಕಿದೆ.

ನಮ್ಮ ನ್ಯಾಯಾಲಯಗಳು ಈ ವಾಕ್ಯವನ್ನು ಎಷ್ಟು ಬಿಗಿಯಾಗಿ ಓದಿದವು ಎಂಬುದು 1874ರ ಕಲ್ಕತ್ತಾ ಪ್ರಕರಣವೊಂದರಲ್ಲಿ ಕಾಣುತ್ತದೆ. ಒಂದೇ ಬಡಾವಣೆಯಲ್ಲಿ ಕಂಚುಗಾರಿಕೆಯ ಅಂಗಡಿ ಇಟ್ಟವರಿಬ್ಬರ ನಡುವೆ ಪೈಪೋಟಿ. ನೀನು ಇಲ್ಲಿನ ಅಂಗಡಿ ಮುಚ್ಚು, ಕೆಲಸಗಾರರಿಗೆ ನೀನು ಕೊಟ್ಟಿರುವ ಒಂಬೈನೂರು ರೂಪಾಯಿ ಮುಂಗಡವನ್ನು ನಾವು ಕೊಡುತ್ತೇವೆ ಎಂದು ಒಂದು ಕಡೆಯವರು ಮಾತು ಕೊಟ್ಟರು. ಇನ್ನೊಬ್ಬ ಅಂಗಡಿ ಮುಚ್ಚಿದ, ಹಣ ಬರಲಿಲ್ಲ. ಅವನು ದಾವೆ ಹೂಡಿದಾಗ ಮುಖ್ಯ ನ್ಯಾಯಮೂರ್ತಿ ರಿಚರ್ಡ್ ಕೌಚ್ ಅವರ ಪೀಠ ಒಪ್ಪಂದವೇ ಶೂನ್ಯ ಎಂದಿತು. ನಿರ್ಬಂಧ ಒಂದು ಬಡಾವಣೆಗೆ ಸೀಮಿತ ಎಂಬ ವಾದಕ್ಕೂ ಬೆಲೆ ಸಿಗಲಿಲ್ಲ. ಅಂಗಡಿ ಮುಚ್ಚಿದವನಿಗೆ ಒಂಬೈನೂರು ರೂಪಾಯಿ ಹೋಯಿತು, ದೇಶಕ್ಕೆ ಒಂದು ತತ್ವ ಸಿಕ್ಕಿತು.

ದೊರೆಗೊಂದು, ಕೂಲಿಗೊಂದು

ಇದಾದ ಮೇಲೆ ಚಹಾ ತೋಟದ ಪ್ರಕರಣವೊಂದು ಬಂತು. ಅಸ್ಸಾಮಿನ ಬ್ರಹ್ಮಪುತ್ರ ಟೀ ಕಂಪನಿ ತನ್ನ ಯುರೋಪಿಯನ್ ನೌಕರ ಸ್ಕಾರ್ತ್ ಎಂಬವನಿಂದ, ಕೆಲಸ ಬಿಟ್ಟ ಮೇಲೆ ಐದು ವರ್ಷ ತನಗೆ ಪೈಪೋಟಿ ಕೊಡುವಂತಿಲ್ಲ ಎಂದು ಬರೆಸಿಕೊಂಡಿತ್ತು. ಕಲ್ಕತ್ತಾ ಹೈಕೋರ್ಟ್ 1885ರಲ್ಲಿ ಗೆರೆ ಎಳೆದು ಹೇಳಿತು. ನೌಕರಿ ಇರುವಷ್ಟು ದಿನ ಬೇರೆ ಯಜಮಾನನಿಗೆ ದುಡಿಯಬೇಡ ಎನ್ನಬಹುದು. ನೌಕರಿ ಮುಗಿದ ಮೇಲೆ ಅವನ ಬದುಕು ಅವನದು. ಇಂದಿಗೂ ವಕೀಲರು ಉಲ್ಲೇಖಿಸುವ ತೀರ್ಪು ಇದು.

ಅದೇ 1885ರಲ್ಲಿ, ಅದೇ ಅಸ್ಸಾಮಿನಲ್ಲಿ, ತೋಟ ಬಿಟ್ಟು ಓಡಿದ ಕೂಲಿಯನ್ನು ವಾರಂಟ್ ಇಲ್ಲದೆ ಹಿಡಿದು ತರುವ ಅಧಿಕಾರ ತೋಟದವರಿಗೆ ಕಾನೂನಿನಿಂದಲೇ ಸಿಕ್ಕಿತ್ತು. ದೊರೆ ಪ್ರತಿಸ್ಪರ್ಧಿಯ ತೋಟಕ್ಕೆ ನಡೆದು ಹೋಗಬಹುದು, ಅವನ ಕೈಕೆಳಗೆ ಎಲೆ ಕೀಳುವವಳು ಹೋಗುವಂತಿಲ್ಲ.

ವಯನಾಡಿನಲ್ಲಿ ಬಳಕೆಗೆ ಬಂದದ್ದು ಇನ್ನೊಂದು ಕಾಯಿದೆ. ಆಗ ವಯನಾಡು ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಯ ಭಾಗ. ಪ್ರತ್ಯೇಕ ಜಿಲ್ಲೆಯಾದದ್ದು 1980ರ ನವೆಂಬರ್ 1ರಂದು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಯುರೋಪಿಯನ್ನರು ಮಾನಂದವಾಡಿಯ ಸುತ್ತ ಕಾಫಿ ಹಾಕಿದಾಗ, ಕೊಯ್ಲಿನ ಕೆಲಸಕ್ಕೆ ಸ್ಥಳೀಯರು ಸಾಲಲಿಲ್ಲ. ಮೈಸೂರು ಸೀಮೆಯಿಂದ ಕನ್ನಡ ಮಾತಾಡುವ ಕೂಲಿಗಳು ಬಂದರು. ಅವರನ್ನು ಕರೆತಂದವನು ಮೇಸ್ತ್ರಿ. ತೋಟದಿಂದ ಮುಂಗಡ ತೆಗೆದುಕೊಂಡು ಊರಿಗೆ ಹೋಗಿ, ಮದುವೆಗೋ ಸಾಲಕ್ಕೋ ಹಣ ಬೇಕಾದವರ ಕೈಗೆ ಅದನ್ನು ಹಂಚಿ, ಆಳುಗಳನ್ನು ಗುಂಪು ಕಟ್ಟಿ ತರುವುದು ಅವನ ಕಸುಬು. ಮುಂಗಡ ತೀರುವತನಕ ಆಳು ತೋಟದಲ್ಲಿ ಇರಬೇಕು. ಆಳು ತಪ್ಪಿಸಿಕೊಂಡರೆ 1859ರ ‘ಕೆಲಸಗಾರರ ಕರಾರು ಭಂಗ ಕಾಯಿದೆ’ ತೋಟದವರ ಕೈಯಲ್ಲಿತ್ತು.

ಆ ಕಾಯಿದೆ ಹುಟ್ಟಿದ್ದು ಕಲ್ಕತ್ತಾದ ಯುರೋಪಿಯನ್ ವರ್ತಕರ ಒತ್ತಾಯದಿಂದ, ದೊಡ್ಡ ಪಟ್ಟಣಗಳ ಕುಶಲಕರ್ಮಿಗಳನ್ನು ಹಿಡಿದಿಡಲು. ಮೆಲ್ಲಗೆ ಅದು ತೋಟಗಳಿಗೆ ಹಬ್ಬಿತು. ಮುಂಗಡ ಪಡೆದ ಕೆಲಸಗಾರ ಸಕಾರಣವಿಲ್ಲದೆ ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟರು ಅವನ ಮುಂದೆ ಎರಡು ದಾರಿ ಇಡುತ್ತಿದ್ದರು: ಹಣ ವಾಪಸು ಮಾಡು, ಇಲ್ಲವೇ ಕೆಲಸ ಮುಗಿಸು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಕಠಿಣ ಶಿಕ್ಷೆ. ಕರಾರು ಮುರಿಯುವುದು ಸಾಮಾನ್ಯವಾಗಿ ಸಿವಿಲ್ ತಕರಾರು, ನಷ್ಟ ತುಂಬಿಕೊಟ್ಟರೆ ಮುಗಿಯಿತು. ಕೂಲಿಯ ಮಟ್ಟಿಗೆ ಮಾತ್ರ ಅದು ಅಪರಾಧವಾಗಿತ್ತು. 1903ರಲ್ಲಿ ಮದ್ರಾಸ್ ಸರ್ಕಾರ ತೋಟದವರಿಗೆಂದೇ ಪ್ಲಾಂಟರ್ಸ್ ಲೇಬರ್ ಆಕ್ಟ್ ತಂದಾಗ ಅದನ್ನು ಜಾರಿ ಮಾಡಿದ್ದು ಮುಖ್ಯವಾಗಿ ನೀಲಗಿರಿ ಮತ್ತು ಮಲಬಾರಿನ ವಯನಾಡಿನಲ್ಲಿ.

ಹಾಗಾದರೆ 27ನೆಯ ಕಲಮು ಈ ಕೂಲಿಗಳ ನೆರವಿಗೆ ಯಾಕೆ ಬರಲಿಲ್ಲ? ಉತ್ತರ ಸ್ಕಾರ್ತ್ ತೀರ್ಪಿನಲ್ಲಿಯೇ ಇದೆ. ನೌಕರಿಯ ಅವಧಿ ಮುಗಿದ ಮೇಲೆ ಸ್ವಾತಂತ್ರ್ಯ ಎಂದಿತ್ತು ನ್ಯಾಯಾಲಯ. ಮುಂಗಡದ ಮೇಲೆ ಬಂದವನ ಅವಧಿ ಮುಗಿಯುವುದು ಸಾಲ ತೀರಿದಾಗ. ಅಕ್ಕಿ, ಕಂಬಳಿ, ಜ್ವರದ ದಿನಗಳ ಖರ್ಚೆಲ್ಲ ಲೆಕ್ಕದ ಪುಸ್ತಕಕ್ಕೆ ಸೇರುತ್ತಾ ಹೋದರೆ ಸಾಲ ತೀರುವುದು ಯಾವಾಗ? ನೆರೆಯ ಸಿಲೋನಿನಲ್ಲಿ ಈ ವ್ಯವಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅಲ್ಲಿ ಕೂಲಿ ತೋಟ ಬದಲಿಸಬೇಕಾದರೆ ಹಳೆಯ ತೋಟದಿಂದ ‘ತುಂಡು’ ಎಂಬ ಚೀಟಿ ತರಬೇಕಿತ್ತು. ಇಷ್ಟು ಸಾಲ ಕೊಟ್ಟರೆ ಈ ಆಳುಗಳನ್ನು ಬಿಡುತ್ತೇವೆ ಎಂದು ಅದರಲ್ಲಿ ಬರೆದಿರುತ್ತಿತ್ತು. ಹೊಸ ತೋಟದವನು ಸಾಲ ಕಟ್ಟಿದರೆ ಸಾಲದ ಸಮೇತ ಆಳು ಅವನ ಪಾಲಿಗೆ. ಈ ತುಂಡು ಪದ್ಧತಿ 1921ರಲ್ಲಿ ಕೊನೆಗೊಂಡಿತು. ನಮ್ಮಲ್ಲಿ 1859ರ ಕಾಯಿದೆಯನ್ನು 1925ರಲ್ಲಿ ರದ್ದು ಮಾಡಿದರು. ಆ ರದ್ದತಿ ಜಾರಿಗೆ ಬಂದದ್ದು 1926ರ ಏಪ್ರಿಲ್‌ನಿಂದ. ಆದರೆ ಕೊಡಗಿನ ತೋಟದವರು ಪಟ್ಟು ಹಿಡಿದು ತಮಗೆಂದೇ ಪ್ರತ್ಯೇಕ ಕಾಯಿದೆ ಮಾಡಿಸಿಕೊಂಡು, ಇನ್ನೂ ಐದು ವರ್ಷ ಕೂಲಿಗಳ ಮೇಲೆ ದಂಡನೆಯ ಅಧಿಕಾರ ಉಳಿಸಿಕೊಂಡರು.

ಪಟ್ಟಿಯ ಮೊದಲ ಹೆಸರು

ತೋಟದ ಕೂಲಿಗಾದರೂ ಒಂದು ಕಾಯಿದೆ ಇತ್ತು, ಅದು ರದ್ದಾಗುವ ದಿನವೂ ಬಂತು. ವಳ್ಳಿಯೂರ್‌ಕಾವಿನ ನಿಲ್ಪುಪಣಂ ನಿಂತದ್ದು ಸಂಪ್ರದಾಯದ ಮೇಲೆ. 1843ರಲ್ಲಿಯೇ ಸರ್ಕಾರ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದಿತ್ತು. ದಂಡ ಸಂಹಿತೆ ಬಂದ ಮೇಲೆ ಮನುಷ್ಯರನ್ನು ಮಾರುವುದು ಅಪರಾಧವೂ ಆಯಿತು. ಆದರೆ ವರ್ಷಕ್ಕೊಮ್ಮೆ ಮುಂಗಡ ಕೊಟ್ಟು ಕೆಲಸಕ್ಕೆ ಇಟ್ಟುಕೊಂಡಿದ್ದೇನೆ ಎಂದರೆ ಅದು ಮಾರಾಟವಲ್ಲ, ಒಪ್ಪಂದ. ಒಪ್ಪಂದದ ವೇಷ ತೊಟ್ಟ ಮೇಲೆ ಕಾನೂನಿನ ಕಣ್ಣಿಗೆ ಅದು ಬೀಳಲಿಲ್ಲ.

ಕೆ. ಪಾನೂರ್ ಅವರ ‘ಕೇರಳತ್ತಿಲೆ ಆಫ್ರಿಕ’ ವಯನಾಡಿನ ಆದಿವಾಸಿಗಳ ಈ ಸ್ಥಿತಿಯನ್ನು ಮಲಯಾಳಿ ಓದುಗರ ಮುಂದಿಟ್ಟು ಗದ್ದಲ ಎಬ್ಬಿಸಿತು. ಪಿ. ವತ್ಸಲಾ ತಿರುನೆಲ್ಲಿಯ ಅಡಿಯರ ಬದುಕನ್ನು ‘ನೆಲ್ಲ್’ ಕಾದಂಬರಿಯಲ್ಲಿ ತಂದರು. 1974ರಲ್ಲಿ ರಾಮು ಕಾರ್ಯಾಟ್ ಅದನ್ನು ಸಿನಿಮಾ ಮಾಡಿದರು. ಅದಕ್ಕೂ ಮೊದಲೇ ಕಾಡಿನೊಳಗೆ ಬೇರೆ ಕಥೆ ನಡೆದಿತ್ತು. ಆದಿವಾಸಿಗಳ ಕೂಲಿಗಾಗಿ, ಜೀತದ ವಿರುದ್ಧ ಸಂಘಟನೆಗೆ ಇಳಿದ ಎ. ವರ್ಗೀಸ್ ನಕ್ಸಲೀಯ ಹೋರಾಟಕ್ಕೆ ಸೇರಿದರು. 1970ರ ಫೆಬ್ರವರಿ 18ರಂದು ತಿರುನೆಲ್ಲಿ ಕಾಡಿನಲ್ಲಿ ಅವರು ಪೊಲೀಸರ ಗುಂಡಿಗೆ ಬಲಿಯಾದರು. ಎನ್‌ಕೌಂಟರ್ ಎಂದಿತ್ತು ಇಲಾಖೆ. ಹಿಡಿದ ಮೇಲೆ ಮೇಲಧಿಕಾರಿಗಳ ಆಜ್ಞೆಯಂತೆ ತಾನೇ ಗುಂಡು ಹೊಡೆದೆ ಎಂದು 1998ರಲ್ಲಿ ಒಬ್ಬ ಪೊಲೀಸ್ ಪೇದೆ ಬಹಿರಂಗವಾಗಿ ಹೇಳಿದ. 2010ರಲ್ಲಿ ಸಿಬಿಐ ನ್ಯಾಯಾಲಯ ನಿವೃತ್ತ ಐಜಿ ಒಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಜೀತ ಪದ್ಧತಿಯನ್ನು ರದ್ದು ಮಾಡುವ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರ್‌ನಲ್ಲಿ, ತುರ್ತು ಪರಿಸ್ಥಿತಿಯ ದಿನಗಳಲ್ಲಿ. ಮರುವರ್ಷ ಅದು ಕಾಯಿದೆಯಾಯಿತು. ಬರೆದ ಒಪ್ಪಂದ ಇರಬೇಕಿಲ್ಲ, ಸಂಪ್ರದಾಯದಿಂದಲೇ ಒಪ್ಪಂದ ಇದೆ ಎಂದು ಭಾವಿಸಬಹುದಾದ ಜೀತದ ಬಗೆಗಳನ್ನು ಈ ಕಾಯಿದೆ ಹೆಸರಿಸುತ್ತದೆ. ದೇಶದ ಮೂಲೆಮೂಲೆಯ ಹೆಸರುಗಳು ಅಕಾರಾದಿಯಾಗಿ ಬರುವ ಆ ಪಟ್ಟಿ ಶುರುವಾಗುವುದೇ ‘ಅಡಿಯಮಾರ್’ ಎಂಬಲ್ಲಿಂದ. ನಡುವೆ ಕನ್ನಡದ ‘ಜೀತ’ವೂ ಇದೆ.

ಜೀತ ಎಂದರೆ ಏನು ಎಂಬ ವ್ಯಾಖ್ಯೆ ಇನ್ನೂ ಕುತೂಹಲದ್ದು. ಸಂಬಳವಿಲ್ಲದೆ ಅಥವಾ ಹೆಸರಿಗಷ್ಟೇ ಸಂಬಳ ಕೊಟ್ಟು ದುಡಿಸುವುದು ಅದರ ಒಂದು ಬಗೆ ಮಾತ್ರ. ಸಾಲಕ್ಕೋ ಮುಂಗಡಕ್ಕೋ ಬದಲಾಗಿ, ಬೇರೆಡೆ ಕೆಲಸ ಮಾಡುವ ಸ್ವಾತಂತ್ರ್ಯವನ್ನು ಇಂತಿಷ್ಟು ಕಾಲ ಬಿಟ್ಟುಕೊಟ್ಟರೂ ಜೀತವೇ. ದೇಶದೊಳಗೆ ಇಷ್ಟ ಬಂದಲ್ಲಿಗೆ ಹೋಗುವ ಹಕ್ಕನ್ನು ಬಿಟ್ಟುಕೊಟ್ಟರೂ, ತನ್ನ ದುಡಿಮೆಯ ಫಲವನ್ನು ಪೇಟೆ ಬೆಲೆಗೆ ಮಾರುವ ಹಕ್ಕನ್ನು ಬಿಟ್ಟುಕೊಟ್ಟರೂ ಜೀತವೇ. ಕಂಪನಿ ವಕೀಲರ ಕರಾರಿನ ಕರಡಿನಲ್ಲಿ ಸಭ್ಯ ಭಾಷೆಯಲ್ಲಿ ಕಾಣಿಸುವ ಷರತ್ತುಗಳ ಸಾಲುಸಾಲೇ ಇಲ್ಲಿ ಶಿಕ್ಷಾರ್ಹ ಅಪರಾಧವಾಗಿ ನಿಂತಿದೆ. ಇಂಥ ಒಪ್ಪಂದ ಶೂನ್ಯ, ಸಾಲ ಮನ್ನಾ, ದುಡಿಸಿಕೊಂಡವನಿಗೆ ಮೂರು ವರ್ಷದವರೆಗೆ ಜೈಲು. 1984ರ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಒಬ್ಬನನ್ನು ಬಲವಂತವಾಗಿ ದುಡಿಸಿಕೊಳ್ಳಲಾಗುತ್ತಿದೆ ಎಂದು ಕಂಡರೆ, ಅದರ ಹಿಂದೆ ಮುಂಗಡ ಇದ್ದೇ ಇದೆ ಎಂದು ಭಾವಿಸಿ ಮುಂದುವರಿಯಬಹುದು ಎಂದಿತು.

ಬಾಂಡ್ ಬರೆದುಕೊಟ್ಟವರು

ಇತ್ತ ಕಾರ್ಖಾನೆ, ಕಚೇರಿಗಳ ಜಗತ್ತಿನಲ್ಲಿ 27ನೆಯ ಕಲಮಿನ ಕಥೆ ತನ್ನ ಹಾದಿಯಲ್ಲಿ ಸಾಗಿತ್ತು.

ಮುಂಬಯಿ ಬಳಿಯ ಕಲ್ಯಾಣದಲ್ಲಿ ಟಯರಿನ ನೂಲು ತಯಾರಿಸುವ ಕಾರ್ಖಾನೆಯ ಶಿಫ್ಟ್ ಮೇಲ್ವಿಚಾರಕರೊಬ್ಬರು ಐದು ವರ್ಷದ ಕರಾರಿಗೆ ಸಹಿ ಹಾಕಿದ್ದರು. ವಿದೇಶಿ ಕಂಪನಿಯೊಂದರಿಂದ ತಂದ ತಂತ್ರಜ್ಞಾನವನ್ನು ಅವರಿಗೆ ಕಲಿಸಲಾಗಿತ್ತು. 1964ರಲ್ಲಿ, ಕರಾರು ಅರ್ಧದಲ್ಲಿದ್ದಾಗಲೇ, ಹೆಚ್ಚಿನ ಸಂಬಳಕ್ಕೆ ಕೋಟಾದ ಇನ್ನೊಂದು ಕಾರ್ಖಾನೆ ಸೇರಿದರು. ಉಳಿದ ಅವಧಿಗೆ ಪ್ರತಿಸ್ಪರ್ಧಿಯ ಬಳಿ ಅದೇ ಕೆಲಸ ಮಾಡದಂತೆ ಹೊರಡಿಸಿದ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟ್ 1967ರಲ್ಲಿ ಎತ್ತಿಹಿಡಿಯಿತು. ಅವಧಿಯೊಳಗಿನ ಕಟ್ಟು ನಡೆಯುತ್ತದೆ ಎಂಬುದು ಸ್ಕಾರ್ತ್ ಕಾಲದ ತತ್ವವೇ. ಆದರೆ ಒಂದು ಮಾತು ನೆನಪಿರಲಿ: ಬೇರೆಡೆ ಹೋಗಬೇಡ ಎಂದು ನ್ಯಾಯಾಲಯ ಹೇಳಬಹುದು, ಹಳೆಯ ಯಜಮಾನನ ಬಳಿಯೇ ದುಡಿ ಎಂದು ಹೇಳಲಾರದು. ಒಲ್ಲದವನಿಂದ ಸೇವೆ ಮಾಡಿಸುವ ಆದೇಶವನ್ನು ನಮ್ಮ ಕಾನೂನು ಕೊಡುವುದಿಲ್ಲ.

ಅವಧಿ ಮುಗಿದ ಮೇಲಿನ ಕಟ್ಟು? 1980ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಸರಕು ತಪಾಸಣೆ ಮಾಡುವ ಕಂಪನಿಯೊಂದರ ದೆಹಲಿ ಶಾಖೆಯ ವ್ಯವಸ್ಥಾಪಕರ ಪ್ರಕರಣ. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಅದೇ ಊರಲ್ಲಿ ಅದೇ ವ್ಯವಹಾರ ಮಾಡುವಂತಿಲ್ಲ ಎಂಬ ಷರತ್ತಿತ್ತು. ಕಂಪನಿಯೇ ಅವರನ್ನು ತೆಗೆದುಹಾಕಿತು. ಅವರು ಅದೇ ಊರಲ್ಲಿ ಅದೇ ವ್ಯವಹಾರ ಶುರು ಮಾಡಿದರು. ಅವರನ್ನು ತಡೆಯಲು ನ್ಯಾಯಾಲಯ ಒಪ್ಪಲಿಲ್ಲ. ಕ್ರಿಕೆಟಿಗ ಜಹೀರ್ ಖಾನ್ ಅವರ ಪ್ರಚಾರ ವ್ಯವಹಾರ ನೋಡಿಕೊಳ್ಳುತ್ತಿದ್ದ ಸಂಸ್ಥೆ ಇನ್ನೊಂದು ದಾರಿ ಹುಡುಕಿತ್ತು. ಮೂರು ವರ್ಷದ ಕರಾರು ಮುಗಿದ ಮೇಲೂ, ಬೇರೆಯವರ ಜೊತೆ ಒಪ್ಪಂದ ಮಾಡಿಕೊಳ್ಳುವ ಮೊದಲು ಅದೇ ಬೆಲೆಗೆ ತನಗೊಂದು ಅವಕಾಶ ಕೊಡಬೇಕು ಎಂದು ಬರೆಸಿಕೊಂಡಿತ್ತು. ಕರಾರಿನ ಆಚೆಗೆ ಚಾಚುವ ಈ ಷರತ್ತೂ 27ನೆಯ ಕಲಮಿಗೆ ಸಿಕ್ಕಿ ಬೀಳುತ್ತದೆ ಎಂದು 2006ರಲ್ಲಿ ತೀರ್ಮಾನವಾಯಿತು.

ವ್ಯಾಪಾರಸ್ಥರ ನಡುವಿನ ಕರಾರಿಗೂ ಇದೇ ಗೆರೆ. 1993ರಲ್ಲಿ ಕೋಕಾ ಕೋಲಾ ಕಂಪನಿ ಪಾರ್ಲೆಯಿಂದ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಹೆಸರುಗಳನ್ನು ಕೊಂಡಿತು. ಗುಜರಾತಿನಲ್ಲಿ ಆ ಪಾನೀಯಗಳನ್ನು ಬಾಟಲಿಗೆ ತುಂಬುತ್ತಿದ್ದ ಸಂಸ್ಥೆಯ ಷೇರುಗಳು ಆಮೇಲೆ ಪೆಪ್ಸಿ ಬಳಗದ ಕೈಗೆ ಹೋದವು. ಒಪ್ಪಂದ ಜಾರಿಯಲ್ಲಿರುವಷ್ಟು ಕಾಲ ಬೇರೆ ಪಾನೀಯ ತುಂಬುವಂತಿಲ್ಲ ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 1995ರಲ್ಲಿ ಒಪ್ಪಿತು. ಇನ್ನು ಕಾಯಿದೆಯೇ ಹೇಳಿದ ಆ ವಿನಾಯಿತಿ: ಕಲ್ಪೆಟ್ಟದಲ್ಲಿ ಹೆಸರು ಮಾಡಿದ ಹೋಟೆಲನ್ನು ಒಬ್ಬರು ಹೆಸರಿನ ಸಮೇತ ಮಾರುತ್ತಾರೆ ಎನ್ನಿ. ಕೊಂಡವನು ದುಡ್ಡು ಕೊಟ್ಟದ್ದು ಗೋಡೆ, ಒಲೆಗಳಿಗಷ್ಟೇ ಅಲ್ಲ, ಬರುವ ಗಿರಾಕಿಗಳ ನಂಬಿಕೆಗೂ. ಮಾರಿದವರು ಮರುವಾರ ಎದುರುಗಡೆಯೇ ಇನ್ನೊಂದು ಹೋಟೆಲ್ ತೆರೆದರೆ ಆ ದುಡ್ಡು ನೀರುಪಾಲು. ಆದ್ದರಿಂದ ಇಂಥ ಮಾರಾಟದಲ್ಲಿ, ಕೊಂಡವನು ಆ ವ್ಯಾಪಾರ ನಡೆಸುವಷ್ಟು ಕಾಲ, ಒಂದು ಗೊತ್ತಾದ ಪ್ರದೇಶದೊಳಗೆ ಪೈಪೋಟಿ ಕೊಡುವುದಿಲ್ಲ ಎಂಬ ಮಾತು ಸಮಂಜಸವಾಗಿದ್ದರೆ ನಡೆಯುತ್ತದೆ.

1958ರಲ್ಲಿ ಕಾನೂನು ಆಯೋಗ ತನ್ನ ಹದಿಮೂರನೆಯ ವರದಿಯಲ್ಲಿ, ಇಂಗ್ಲೆಂಡಿನಂತೆ ಸಮಂಜಸ ನಿರ್ಬಂಧಗಳಿಗೆಲ್ಲ ಅವಕಾಶ ಕೊಡಿ ಎಂದು ಶಿಫಾರಸು ಮಾಡಿತ್ತು. ಸಂಸತ್ತು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಹಾಗಾಗಿ ಕಂಪನಿಗಳು ಇಂದಿಗೂ ನೇಮಕಾತಿ ಪತ್ರದಲ್ಲಿ ‘ಬಿಟ್ಟ ಮೇಲೆ ಒಂದು ವರ್ಷ’ ಎಂದು ಬರೆಯುತ್ತಲೇ ಇವೆಯಾದರೂ ಅದರಲ್ಲಿ ಬಲಕ್ಕಿಂತ ಬೆದರಿಕೆಯೇ ಹೆಚ್ಚು. ಕಂಪನಿಯ ಗುಟ್ಟು, ಗಿರಾಕಿಗಳ ಪಟ್ಟಿ, ಸೂತ್ರಗಳನ್ನು ಹೊತ್ತೊಯ್ಯಬಾರದು ಎಂಬ ಷರತ್ತು ಬೇರೆ. ಅದು ನೌಕರಿ ಬಿಟ್ಟ ಮೇಲೂ ನಿಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ಕಾಡುವುದು ಬಾಂಡ್. ಇದರ ಬಗ್ಗೆ ಈಚೆಗೆ ಬಂದ ದೊಡ್ಡ ತೀರ್ಪು ಕರ್ನಾಟಕದಿಂದಲೇ ಹೋದದ್ದು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ವಿಜಯಾ ಬ್ಯಾಂಕ್ 2006ರಲ್ಲಿ ಅಧಿಕಾರಿಗಳ ನೇಮಕಕ್ಕೆ ಪ್ರಕಟಣೆ ಹೊರಡಿಸಿತ್ತು. ಮೂರು ವರ್ಷದೊಳಗೆ ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತು ಅದರಲ್ಲಿತ್ತು. 2007ರಲ್ಲಿ ಸೀನಿಯರ್ ಮ್ಯಾನೇಜರ್ ಆದ ಒಬ್ಬರು 2009ರಲ್ಲಿ ಇನ್ನೊಂದು ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. ಪ್ರತಿಭಟನೆ ದಾಖಲಿಸಿಯೇ ಹಣ ಕಟ್ಟಿ, ಆಮೇಲೆ ಕರ್ನಾಟಕ ಹೈಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಗೆದ್ದರು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು.

ನ್ಯಾಯಮೂರ್ತಿ ಪಿ. ಎಸ್. ನರಸಿಂಹ ಮತ್ತು ನ್ಯಾಯಮೂರ್ತಿ ಜೊಯ್‌ಮಾಲ್ಯ ಬಾಗ್ಚಿ ಅವರ ಪೀಠ ಕೊಟ್ಟ ಕಾರಣಗಳು ಗಮನಿಸುವಂಥವು. ಷರತ್ತು ನೌಕರಿಯ ಅವಧಿಗೆ ಸಂಬಂಧಿಸಿದ್ದು, ಬಿಟ್ಟ ಮೇಲಿನ ಬದುಕಿಗಲ್ಲ. ಸರ್ಕಾರಿ ಬ್ಯಾಂಕು ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನು ಮನಬಂದಂತೆ ತರುವಂತಿಲ್ಲ, ಮತ್ತೆ ಪ್ರಕಟಣೆ, ಆಯ್ಕೆ ಎಲ್ಲಕ್ಕೂ ಹಣ, ಕಾಲ ಬೇಕು. ಜೊತೆಗೆ, ಆ ಹುದ್ದೆಯ ಸಂಬಳಕ್ಕೆ ಹೋಲಿಸಿದರೆ ಎರಡು ಲಕ್ಷ, ರಾಜೀನಾಮೆ ಕೊಡುವುದನ್ನೇ ಅಸಾಧ್ಯ ಮಾಡುವಷ್ಟು ದೊಡ್ಡ ಮೊತ್ತವಲ್ಲ. ಮುದ್ರಿತ ನಮೂನೆಯ ಕರಾರುಗಳಲ್ಲಿ ನೌಕರನ ಕೈ ಮೇಲಿರುವುದಿಲ್ಲ ಎಂಬುದನ್ನೂ ಪೀಠ ಒಪ್ಪಿಕೊಂಡಿದೆ.

ಮೊತ್ತದ ಬಗೆಗಿನ ಕಾರಣ ಎರಡು ಅಲಗಿನದು. ಕಟ್ಟಿ ಹೊರಬರಬಹುದಾದ ಮೊತ್ತವಾದರೆ ಬಾಂಡ್ ನಿಲ್ಲುತ್ತದೆ. ತಿಂಗಳಿಗೆ ಹದಿನೈದು ಸಾವಿರ ಎಣಿಸುವ ಹೊಸಬನ ಮೇಲೆ ಐದು ಲಕ್ಷದ ಬಾಂಡ್ ಹೊರಿಸಿದರೆ ಇದೇ ತರ್ಕ ಅವನ ಪರವಾಗಿ ತಿರುಗಬಹುದು. ಕರಾರು ಕಾಯಿದೆಯ 74ನೆಯ ಕಲಮೂ ಅವನ ಜೊತೆಗಿದೆ. ಬಾಂಡಿನಲ್ಲಿ ಬರೆದ ಅಂಕಿ ಗರಿಷ್ಠ ಮಿತಿ ಮಾತ್ರ. ಅದರೊಳಗೆ ಸಮಂಜಸವಾದ ಪರಿಹಾರವಷ್ಟೇ ಸಿಗುತ್ತದೆ. ತರಬೇತಿಯನ್ನೇ ಕೊಡದ ಕಂಪನಿ ತರಬೇತಿಯ ಖರ್ಚು ಕೇಳಿದರೆ ಲೆಕ್ಕ ತೋರಿಸಬೇಕಾಗುತ್ತದೆ.

ಗಡಿಯ ಎರಡೂ ಬದಿ

ಹಣ ಕಟ್ಟಿ ಹೊರಬರಲು ಸಾಧ್ಯವೇ ಎಂಬ ಇದೇ ಪ್ರಶ್ನೆಯನ್ನು ಹಿಡಿದು ಮತ್ತೆ ವಯನಾಡಿಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ಕೇರಳದಲ್ಲಿ ಅತಿ ಹೆಚ್ಚು ಆದಿವಾಸಿಗಳಿರುವ ಜಿಲ್ಲೆ ಇದು. 2011ರ ಜನಗಣತಿಯಂತೆ ಜಿಲ್ಲೆಯ ಜನರಲ್ಲಿ ಶೇ. 18.5ರಷ್ಟು ಪರಿಶಿಷ್ಟ ಪಂಗಡದವರು. ಅವರಲ್ಲಿ ಪಣಿಯರದೇ ದೊಡ್ಡ ಸಂಖ್ಯೆ. ವಯನಾಡಿನ ಅಡಿಯರಿಗೆ, ಪಣಿಯರಿಗೆ ಕೊಡಗಿನಲ್ಲಿ ಎರವರೆಂದು ಹೆಸರು. ಭತ್ತದ ಗದ್ದೆಗಳು ಬಾಳೆ, ಅಡಿಕೆಗೆ ತಿರುಗಿದ ಮೇಲೆ ಗಡಿ ದಾಟಿ ಬರುವ ದುಡಿಮೆಯೂ ಹೆಚ್ಚಿತು. ವಯನಾಡಿನ ಕೃಷಿಕರು ಕೊಡಗು, ಮೈಸೂರು ಜಿಲ್ಲೆಗಳಲ್ಲಿ ನೆಲ ಗುತ್ತಿಗೆಗೆ ಹಿಡಿದು ಶುಂಠಿ ಹಾಕುತ್ತಾರೆ. ಅವರ ಜೀಪುಗಳಲ್ಲಿ ಪಣಿಯ ಕೂಲಿಗಳೂ ಬರುತ್ತಾರೆ.

ಕೊಡಗಿನ ಕಾಫಿ ತೋಟದ ಲೈನ್‌ಮನೆಯಲ್ಲಿ ಇರುವವನಿಗೆ ಕೆಲಸ ಬಿಡುವುದೆಂದರೆ ಮನೆಯನ್ನೂ ಬಿಡುವುದು. 2016ರ ಕೊನೆಯಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಅರಣ್ಯ ಇಲಾಖೆ ಕೆಡವಿದಾಗ ರಾಜ್ಯವೆಲ್ಲ ಆ ಕಡೆ ನೋಡಿತು. ಲೈನ್‌ಮನೆಗಳಿಂದ ಹೊರಬಂದು ಸ್ವಂತ ಸೂರು ಕೇಳಿದವರೇ ಅಲ್ಲಿ ಬಹಳ ಮಂದಿ. ಇಲ್ಲಿ ಯಾರೂ ಬಾಂಡ್ ಬರೆಸಿಕೊಂಡಿರುವುದಿಲ್ಲ, ಪೈಪೋಟಿಯ ಷರತ್ತೂ ಇರುವುದಿಲ್ಲ. ಮಗುವಿನ ಆಸ್ಪತ್ರೆಗೆಂದು ತೆಗೆದುಕೊಂಡ ಕೆಲವು ಸಾವಿರ ರೂಪಾಯಿ, ತೋಟದವರೇ ಕೊಟ್ಟ ಒಂದು ಕೋಣೆ, ಕೈಯಲ್ಲಿಲ್ಲದ ಲೆಕ್ಕದ ಚೀಟಿ, ಇಷ್ಟೇ ಸಾಕಾಗುತ್ತದೆ. ಬ್ಯಾಂಕ್ ಅಧಿಕಾರಿ ಎರಡು ಲಕ್ಷ ಕಟ್ಟಿ ಹೋದರು, ಸುಪ್ರೀಂ ಕೋರ್ಟಿನವರೆಗೆ ವಾದವನ್ನೂ ನಡೆಸಿದರು. ಮುಂಗಡದ ಮೇಲೆ ದುಡಿಯುವವನಿಗೆ ಅದರ ಹತ್ತರಲ್ಲೊಂದು ಪಾಲೂ ಹೊರಲಾರದ ಮೊತ್ತ.

ಮುಂಗಡ ಕೊಡುವುದೇ ಅಪರಾಧವಲ್ಲ. ತೋಟಗಳಲ್ಲಿ, ಇಟ್ಟಿಗೆ ಗೂಡುಗಳಲ್ಲಿ, ಕಬ್ಬಿನ ಗದ್ದೆಗಳಲ್ಲಿ ಅದು ವಾಡಿಕೆ. ದುಡಿಯುವವನಿಗೆ ಕನಿಷ್ಠ ಕೂಲಿ ಸಿಗುತ್ತಿದ್ದು, ಬೇಡವೆನಿಸಿದಾಗ ಬಿಟ್ಟುಹೋಗಿ ಉಳಿದ ಹಣ ತೀರಿಸುವ ಸ್ವಾತಂತ್ರ್ಯ ಇದ್ದರೆ ಅದು ಸಾಮಾನ್ಯ ಸಾಲ. ಸಾಲ ತೀರುವತನಕ ಬೇರೆಡೆ ಹೋಗಕೂಡದು ಎಂದ ಗಳಿಗೆಯಿಂದ ಅದು 1976ರ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. 1982ರ ಏಷ್ಯಾಡ್ ಕಾಮಗಾರಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತೂ ಇಲ್ಲಿ ಅನ್ವಯಿಸುತ್ತದೆ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯಲು ಯಾರಾದರೂ ಒಪ್ಪಿದ್ದರೆ ಹಸಿವೇ ಅವರನ್ನು ಒಪ್ಪಿಸಿರುತ್ತದೆ, ಅದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ.

ಜೀತ ರದ್ದತಿ ಕಾಯಿದೆಯ ಹೊಣೆ ಇರುವುದು ಜಿಲ್ಲಾ ಮ್ಯಾಜಿಸ್ಟ್ರೇಟರ ಮೇಲೆ, ಅಂದರೆ ವಯನಾಡಿನಲ್ಲಿ ಕಲೆಕ್ಟರ್, ಕೊಡಗಿನಲ್ಲಿ ಜಿಲ್ಲಾಧಿಕಾರಿ. ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು, ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಸದಸ್ಯರೂ ಇರಬೇಕು. ಬಿಡುಗಡೆಯಾದವರ ಪುನರ್ವಸತಿಗೆ ಕೇಂದ್ರದ 2016ರ ಯೋಜನೆಯಲ್ಲಿ ವಯಸ್ಕ ಪುರುಷನಿಗೆ ಒಂದು ಲಕ್ಷ, ಮಹಿಳೆಯರಿಗೂ ಮಕ್ಕಳಿಗೂ ಎರಡು ಲಕ್ಷ, ತೀರಾ ಕ್ರೂರವಾಗಿ ದುಡಿಸಿಕೊಂಡ ಪ್ರಕರಣಗಳಲ್ಲಿ ಮೂರು ಲಕ್ಷ ರೂಪಾಯಿವರೆಗೆ ನೆರವು ನಿಗದಿಯಾಯಿತು. ದೂರು ಕೊಡುವವನ ಬಳಿ ಕಾಗದ ಪತ್ರ ಇರಲೇಬೇಕೆಂದಿಲ್ಲ. ಇದು ಜೀತದ ಸಾಲ ಎಂದು ಅವನು, ಇಲ್ಲವೇ ಜಾಗೃತಿ ಸಮಿತಿ, ಹೇಳಿದರೆ ಸಾಕು. ಅಲ್ಲ ಎಂದು ರುಜುವಾತು ಮಾಡಬೇಕಾದ ಭಾರವನ್ನು ಕಾಯಿದೆಯ 15ನೆಯ ಕಲಮು ಸಾಲ ಕೊಟ್ಟವನ ಮೇಲೆಯೇ ಹೊರಿಸಿದೆ.